ಹೆಸರಿಲ್ಲದ ಮುಖಗಳಿಗೆ ಹೆಸರು ಹುಡುಕುವುದು: ವಿಕ್ಟೋರಿಯಾ ಕಾಲದ ಫೋಟೊಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಳೆಯ ಆಲ್ಬಮ್ಮಿನ ಫೋಟೊಗಳ ಹಿಂದೆ ಸಾಮಾನ್ಯವಾಗಿ ಹೆಸರು ಬರೆದಿರುವುದಿಲ್ಲ. ಕಾರಣ ಸರಳ. ಅದನ್ನು ಜೋಡಿಸಿದವರಿಗೆ ಅದರಲ್ಲಿದ್ದವರೆಲ್ಲ ಗೊತ್ತಿದ್ದವರು. ಅಕ್ಕನ ಫೋಟೊದ ಹಿಂದೆ ಅಕ್ಕನ ಹೆಸರನ್ನು ಯಾರು ಬರೆದಿಡುತ್ತಾರೆ? ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಅಕ್ಕ ‘ಯಾರೋ ಒಬ್ಬ ಹೆಂಗಸು’ ಆಗಿಬಿಟ್ಟಿರುತ್ತಾಳೆ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು, ಕಣ್ಣುಮುಚ್ಚಿದ್ದು 1901ರ ಜನವರಿ 22ರಂದು. ಈ ನಡುವೆ ಬ್ರಿಟನ್ನಿನಲ್ಲಿ ತೆಗೆಸಿದ ಲೆಕ್ಕವಿಲ್ಲದಷ್ಟು ಭಾವಚಿತ್ರಗಳು ಇಂದು ಅಟ್ಟಗಳಲ್ಲಿ, ಹಳೆ ಸಾಮಾನಿನ ಸಂತೆಗಳಲ್ಲಿ, ಹರಾಜಿನ ಪೆಟ್ಟಿಗೆಗಳಲ್ಲಿ ಹೆಸರಿಲ್ಲದೆ ಬಿದ್ದಿವೆ. ಅವುಗಳ ಎಳೆ ನಮ್ಮ ಕಡೆಗೂ ಬಂದಿದೆ. ಬೆಂಗಳೂರು ದಂಡಿನ ಸಿಪಾಯಿಗಳು ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳು, ಕೋಲಾರದ ಚಿನ್ನದ ಗಣಿಗೆ ಕಾರ್ನ್‌ವಾಲಿನಿಂದ ಬಂದ ಗಣಿ ಕೆಲಸಗಾರರು, ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ನಿನವರು, ಇವರೆಲ್ಲರ ಮನೆಗಳಲ್ಲೂ ಇಂಥ ಫೋಟೊಗಳಿದ್ದವು.

ಈ ಕೆಲಸದಲ್ಲಿ ಪಾಲಿಸಬೇಕಾದ ಕ್ರಮ ಒಂದೇ: ಮೊದಲು ಕಾಲ, ಆಮೇಲೆ ಊರು, ಕೊನೆಗೆ ಹೆಸರು. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ‘ಮೂಗು ನೋಡಿದರೆ ನಮ್ಮ ಮುತ್ತಜ್ಜಿಯದೇ’ ಎಂದು ಮೊದಲು ಹೆಸರು ಹಚ್ಚಿ, ಆಮೇಲೆ ಅದಕ್ಕೆ ಪುರಾವೆ ಕೂಡಿಸಲು ಹೊರಡುತ್ತಾರೆ. ಹೆಸರಿಲ್ಲದ ಫೋಟೊಗಿಂತ ತಪ್ಪು ಹೆಸರಿನ ಫೋಟೊ ಹೆಚ್ಚು ಕೆಡುಕು ಮಾಡುತ್ತದೆ. ಹೆಸರಿಲ್ಲದ್ದನ್ನು ಯಾರಾದರೂ ಹುಡುಕುತ್ತಲೇ ಇರುತ್ತಾರೆ. ತಪ್ಪು ಹೆಸರು ಬಿದ್ದ ದಿನ ಹುಡುಕಾಟ ನಿಂತುಹೋಗುತ್ತದೆ.

ಇದ್ದದ್ದನ್ನು ಇದ್ದ ಹಾಗೆಯೇ ದಾಖಲಿಸಿ

ಆಲ್ಬಮ್ ಸಿಕ್ಕಿದರೆ ತಕ್ಷಣ ಫೋಟೊಗಳನ್ನು ಹೊರಗೆ ತೆಗೆಯಬೇಡಿ. ಹೊದಿಕೆಯಿಂದ ಹಿಡಿದು ಕೊನೆಯ ಪುಟದವರೆಗೆ ಒಂದೊಂದು ಪುಟವನ್ನೂ ಮೊಬೈಲಿನಲ್ಲಾದರೂ ಚಿತ್ರ ತೆಗೆದುಕೊಳ್ಳಿ. ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ದೊಡ್ಡ ಸಾಕ್ಷಿ. ಎದುರುಬದುರು ಪುಟಗಳಲ್ಲಿ ಗಂಡ ಹೆಂಡತಿಯರನ್ನು ಇಡುವುದು, ಮೊದಲ ಪುಟಗಳಲ್ಲಿ ಮನೆಯ ಹಿರಿಯರನ್ನು ಇಡುವುದು ಸಾಮಾನ್ಯವಾಗಿತ್ತು. ಒಮ್ಮೆ ಎಲ್ಲವನ್ನೂ ಮೇಜಿನ ಮೇಲೆ ಸುರಿದರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ. ಪ್ರತಿ ಫೋಟೊಗೂ ಪುಟ ಮತ್ತು ಜಾಗ ಸೂಚಿಸುವ ಸಂಖ್ಯೆ ಕೊಡಿ: ‘ಪುಟ 12, ಮೇಲಿನ ಎಡ’.

ಕಾರ್ಡು ಆಲ್ಬಮ್ಮಿನ ಕಿಂಡಿಯಲ್ಲಿ ಬಿಗಿದು ಕೂತಿದ್ದರೆ ಉಗುರಿನಿಂದ ಎಳೆಯಬೇಡಿ, ಪುಟದ ಅಂಚು ಹರಿಯುತ್ತದೆ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸಿ, ಕಾರ್ಡಿನ ಹಿಂದಕ್ಕೆ ಮೆಲ್ಲಗೆ ತೂರಿಸಿ, ಪಟ್ಟಿಯ ಜೊತೆಗೇ ಕಾರ್ಡನ್ನು ಜಾರಿಸಿ. ಬಾರದಿದ್ದರೆ ಬಿಟ್ಟುಬಿಡಿ. ಕೆಲವೊಮ್ಮೆ ಒಂದೇ ಕಿಂಡಿಯಲ್ಲಿ ಎರಡು ಕಾರ್ಡು ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ, ನಡುವೆ ಮೂರನೆಯದೊಂದು ಅಡಗಿರುವುದೂ ಉಂಟು.

ಕಾಗದದ ಫೋಟೊ ಹಿಡಿಯಲು ತೊಳೆದು ಒಣಗಿಸಿದ ಬರಿಗೈ ಸಾಕು, ಅಂಚುಗಳನ್ನಷ್ಟೇ ಹಿಡಿಯಿರಿ. ಹತ್ತಿಯ ಕೈಗವಸಿನಲ್ಲಿ ಹಿಡಿತ ಸಿಗುವುದಿಲ್ಲ, ಹರಿದ ಅಂಚಿಗೆ ದಾರ ಸಿಕ್ಕಿಕೊಳ್ಳುತ್ತದೆ. ಗಾಜು ಮತ್ತು ತಗಡಿನ ಫೋಟೊಗಳಿಗೆ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿದ, ಕನ್ನಡಿಯಂತೆ ಹೊಳೆಯುವ ಚಿತ್ರವಿದ್ದರೆ ಅದು ಡಾಗೆರೊಟೈಪ್ ಆಗಿರಬಹುದು. ಅದನ್ನು ಬಿಚ್ಚಲೇಬೇಡಿ. ಬೆಳ್ಳಿಯ ಮೇಲಿನ ಆ ಚಿತ್ರ ಬಟ್ಟೆಯಿಂದ ಒಮ್ಮೆ ಒರೆಸಿದರೆ ಅಳಿಸಿಯೇ ಹೋಗುತ್ತದೆ.

ಕಾಗದದ ಫೋಟೊಗಳನ್ನು ಸಮತಟ್ಟು ಸ್ಕ್ಯಾನರಿನಲ್ಲಿ 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕೆ), ಬಣ್ಣದಲ್ಲಿ, ವಿವರ ಕಳೆದುಕೊಳ್ಳದ ಟಿಫ್ ಕಡತವಾಗಿ ಉಳಿಸಿ. ಚಿತ್ರ ಕಂದು ಬಣ್ಣದ್ದೇ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು, ಏಕೆಂದರೆ ಆ ಕಂದು ಹಳದಿ ಛಾಯೆಗಳೇ ಫೋಟೊದ ಜಾತಿ ಹೇಳುತ್ತವೆ. ಸುಮಾರು 10 ಸೆಂಟಿಮೀಟರ್ ಎತ್ತರ, 6.3 ಸೆಂಟಿಮೀಟರ್ ಅಗಲದ ಕಾರ್ಡು ಈ ಲೆಕ್ಕದಲ್ಲಿ ಹೆಚ್ಚುಕಡಿಮೆ 2400 x 1500 ಪಿಕ್ಸೆಲ್ ಆಗುತ್ತದೆ. ಒಡವೆ, ಗುಂಡಿ, ಪದಕಗಳನ್ನು ಹಿಗ್ಗಿಸಿ ನೋಡಬೇಕಿದ್ದರೆ 1200ಕ್ಕೆ ಏರಿಸಿ. ಮುಂಭಾಗ, ಹಿಂಭಾಗ ಎರಡೂ ಬೇಕು. ರಟ್ಟಿನ ನಾಲ್ಕು ಅಂಚುಗಳೂ ಕಾಣುವಂತೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಸ್ಕ್ಯಾನ್ ಮಾಡಿ. ಚಿತ್ರದ ಸುತ್ತಲ ರಟ್ಟನ್ನು ಕತ್ತರಿಸಿ ಮುಖವನ್ನಷ್ಟೇ ಉಳಿಸುವುದು ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು. ಕಾಲ ಹೇಳುವ ಅರ್ಧದಷ್ಟು ಸುಳಿವು ಆ ರಟ್ಟಿನಲ್ಲೇ ಇರುತ್ತದೆ. ಸ್ಕ್ಯಾನರಿನ ‘ಧೂಳು ತೆಗೆ’, ‘ಬಣ್ಣ ಸರಿಪಡಿಸು’ ಆಯ್ಕೆಗಳನ್ನು ಆಫ್ ಮಾಡಿಡಿ. ಪೆಟ್ಟಿಗೆಯಲ್ಲಿರುವ ಚಿತ್ರಗಳನ್ನು ಸ್ಕ್ಯಾನರಿನ ಮೇಲೆ ಕವುಚಬೇಡಿ. ಕಪ್ಪು ರಟ್ಟಿನಲ್ಲಿ ಲೆನ್ಸಿನಷ್ಟು ತೂತು ಕೊರೆದು, ಅದರ ಮೂಲಕ ಕ್ಯಾಮರಾದಲ್ಲಿ ತೆಗೆದರೆ ಪ್ರತಿಫಲನ ಬೀಳುವುದಿಲ್ಲ.

ಹಿಂದೆ ಮಾಸಿದ ಪೆನ್ಸಿಲ್ ಬರಹವಿದ್ದಂತೆ ಕಂಡರೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಜಿಗೆ ಸಮನಾಗಿ ಪಕ್ಕದಿಂದ ಹಿಡಿಯಿರಿ. ಪೆನ್ಸಿಲ್ಲಿನ ಪುಡಿ ಉದುರಿಹೋಗಿದ್ದರೂ ಮೊನೆ ಒತ್ತಿದ ಗೀರು ರಟ್ಟಿನಲ್ಲಿ ಉಳಿದಿರುತ್ತದೆ. ಓರೆ ಬೆಳಕಿನಲ್ಲಿ ಆ ಗೀರಿನ ಒಂದು ಮಗ್ಗುಲಿಗೆ ನೆರಳು ಬಿದ್ದು ಅಕ್ಷರ ಮೂಡುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿಗೆ ಸರಿಸಿ ನಾಲ್ಕು ಚಿತ್ರ ತೆಗೆಯಿರಿ. ಸ್ಟುಡಿಯೊದ ಉಬ್ಬು ಮುದ್ರೆಯೂ ಹೀಗೆಯೇ ಕಾಣಿಸುತ್ತದೆ.

ಯಾವ ಬಗೆಯ ಫೋಟೊ?

ಬ್ರಿಟನ್ನಿನ ಮೊದಲ ಸಾರ್ವಜನಿಕ ಫೋಟೊ ಸ್ಟುಡಿಯೊವನ್ನು ರಿಚರ್ಡ್ ಬಿಯರ್ಡ್ 1841ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ತೆರೆದ. ಅಲ್ಲಿ ತೆಗೆಯುತ್ತಿದ್ದುದು ಡಾಗೆರೊಟೈಪ್. ಅದನ್ನು ಕೈಯಲ್ಲಿ ಓಲಿಸಿದರೆ ಮುಖ ಒಮ್ಮೆ ಕಪ್ಪಾಗಿ ಒಮ್ಮೆ ಬಿಳುಪಾಗಿ ಕಾಣುತ್ತದೆ. ಬ್ರಿಟನ್ನಿನದಾದರೆ ಹೆಚ್ಚಾಗಿ 1841ರಿಂದ 1850ರ ದಶಕದ ಕೊನೆಯೊಳಗಿನದು. ಗಾಜಿನ ಮೇಲೆ ಚಿತ್ರವಿದ್ದು ಹಿಂದೆ ಕಪ್ಪು ಬಟ್ಟೆಯೋ ಬಣ್ಣವೋ ಇದ್ದರೆ ಅದು ಆಂಬ್ರೊಟೈಪ್. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ, ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸವರಿ ಫೋಟೊ ತೆಗೆಯುವ ವಿಧಾನ ಪ್ರಕಟಿಸಿದ ಮೇಲೆ ಬಂದದ್ದು. ತೆಳು ಕಬ್ಬಿಣದ ತಗಡಾದರೆ ಟಿನ್‌ಟೈಪ್. ಹಿಂಬದಿಗೆ ಸಣ್ಣ ಆಯಸ್ಕಾಂತ ತಂದರೆ ಸೆಳೆಯುತ್ತದೆ. ಅಮೆರಿಕದಲ್ಲಿ 1856ರಿಂದಲೇ ಇದ್ದರೂ ಬ್ರಿಟನ್ನಿನಲ್ಲಿ ಬಳಕೆ ಹೆಚ್ಚಿದ್ದು 1870ರ ದಶಕದಿಂದ, ಅದೂ ಬೀದಿ ಮತ್ತು ಕಡಲತೀರದ ಫೋಟೊಗ್ರಾಫರರ ಕೈಯಲ್ಲಿ.

ಈ ಮೂರೂ ಬಗೆಯಲ್ಲಿ ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಮದುವೆಯ ಉಂಗುರ ಬಲಗೈಯಲ್ಲಿದೆ, ಹಾಗಾಗಿ ಈಕೆ ಬೇರೆ ದೇಶದವಳು ಅಥವಾ ವಿಧವೆ ಎಂದು ಹಾರುವ ಮೊದಲು ಗಂಡಸರ ಕೋಟಿನ ಗುಂಡಿ ನೋಡಿ. ಗಂಡಸರ ಕೋಟಿನಲ್ಲಿ ತೊಟ್ಟವನ ಎಡಮಗ್ಗುಲು ಮೇಲೆ ಬರುತ್ತದೆ. ಫೋಟೊದಲ್ಲಿ ಬಲಮಗ್ಗುಲು ಮೇಲೆ ಕಂಡರೆ ಚಿತ್ರ ತಿರುಗಿದೆ ಎಂದು ಅರ್ಥ, ಆ ಉಂಗುರ ನಿಜಕ್ಕೂ ಎಡಗೈಯದು.

ಸಿಗುವುದರಲ್ಲಿ ಬಹುಪಾಲು ರಟ್ಟಿಗೆ ಅಂಟಿಸಿದ ಕಾಗದದ ಫೋಟೊಗಳು. ಚಿಕ್ಕದು ಕಾರ್ಟ್ ದ ವಿಸಿತ್, ಸುಮಾರು 10 x 6.3 ಸೆಂಟಿಮೀಟರ್. ಪ್ಯಾರಿಸ್ಸಿನ ದಿಸ್ದೆರಿ 1854ರಲ್ಲಿ ಇದರ ಪೇಟೆಂಟ್ ಪಡೆದ; 1860ರಲ್ಲಿ ಮೇಯಾಲ್ ಎಂಬ ಫೋಟೊಗ್ರಾಫರ್ ರಾಜಮನೆತನದ ಕಾರ್ಡುಗಳನ್ನು ಮಾರಾಟಕ್ಕೆ ಬಿಟ್ಟ ಮೇಲೆ ಇಂಗ್ಲೆಂಡಿಗೆ ಅದರ ಹುಚ್ಚು ಹಿಡಿಯಿತು. ದೊಡ್ಡದು ಕ್ಯಾಬಿನೆಟ್ ಕಾರ್ಡು, ಸುಮಾರು 16.5 x 10.8 ಸೆಂಟಿಮೀಟರ್, 1866ರಿಂದ ಈಚಿನದು. 1888ರಲ್ಲಿ ಬಂದ ಮೊದಲ ಕೊಡ್ಯಾಕ್ ಕ್ಯಾಮರಾದ ಚಿತ್ರಗಳು ಸುಮಾರು ಆರೂವರೆ ಸೆಂಟಿಮೀಟರಿನ ದುಂಡು ಬಿಲ್ಲೆಗಳು, ನೋಡಿದ ಕೂಡಲೇ ಗುರುತು ಸಿಗುತ್ತವೆ.

ಇನ್ನು ಭೂತಗನ್ನಡಿಯ ಕೆಲಸ. ಕಾಗದದ ನಾರು ಚಿತ್ರದೊಳಗಿಂದಲೇ ಕಾಣುತ್ತಿದ್ದು, ಬೆಳಕಿನ ಭಾಗ ಹಳದಿಗೆ ತಿರುಗಿದ್ದರೆ ಮೊಟ್ಟೆಯ ಬಿಳಿ ಲೋಳೆ ಸವರಿದ ಆಲ್ಬುಮೆನ್ ಕಾಗದ, 1850ರಿಂದ 1890ರ ದಶಕದವರೆಗಿನದು. ನಾರು ಕಾಣದೆ ನುಣುಪಾಗಿದ್ದು ಕಪ್ಪು ಭಾಗದಲ್ಲಿ ಬೆಳ್ಳಿಯ ಮಿರುಗು ಎದ್ದಿದ್ದರೆ ಜೆಲಾಟಿನ್ ಕಾಗದ, ಸಾಮಾನ್ಯವಾಗಿ 1880ರ ದಶಕದ ನಂತರದ್ದು. ಸಾಲಾಗಿ ಚುಕ್ಕೆಗಳು ಕಂಡರೆ ಅದು ಫೋಟೊವೇ ಅಲ್ಲ, ಅಚ್ಚಿನ ಚಿತ್ರ.

ರಟ್ಟು ಮತ್ತು ಅದರ ಬೆನ್ನು

1860ರ ದಶಕದ ಕಾರ್ಡಿನ ರಟ್ಟು ತೆಳು, ಮೂಲೆಗಳು ಚೂಪು, ಬೆನ್ನಿನಲ್ಲಿ ಸ್ಟುಡಿಯೊದ ಹೆಸರು ವಿಳಾಸ ಸಣ್ಣದಾಗಿ. 1870ರ ದಶಕದಲ್ಲಿ ಮೂಲೆ ದುಂಡಗಾಗುತ್ತದೆ, ಬೆನ್ನಿನ ಅಕ್ಷರಗಳಿಗೆ ಬಳ್ಳಿ ಸುರುಳಿಗಳು ಬರುತ್ತವೆ. 1880ರ ದಶಕದಲ್ಲಿ ರಟ್ಟು ದಪ್ಪ, ಅಂಚನ್ನು ಓರೆಯಾಗಿ ಕತ್ತರಿಸಿ ಚಿನ್ನದ ಬಣ್ಣ ಬಳಿದಿರುತ್ತದೆ, ಹಿಂಬದಿಯಲ್ಲಿ ಬಿದಿರು, ಬೀಸಣಿಗೆಯಂಥ ಜಪಾನಿ ಅಲಂಕಾರಗಳು. ಕಡುಹಸಿರು, ಕಪ್ಪು, ಕೆಂಗಂದು ರಟ್ಟುಗಳ ಹಾವಳಿ 1880ರ ದಶಕದ ನಡುವಿನಿಂದ ಆಚೆಗೆ.

ಬೆನ್ನಿನಲ್ಲಿ ವಸ್ತುಪ್ರದರ್ಶನದ ಪದಕಗಳನ್ನು ಮುದ್ರಿಸಿದ್ದರೆ ಇಸವಿಗಳನ್ನು ಓದಿ. ಎಲ್ಲಕ್ಕಿಂತ ಕೊನೆಯ ಇಸವಿಗೆ ಮುಂಚೆ ಆ ಕಾರ್ಡು ಹುಟ್ಟಿರಲು ಸಾಧ್ಯವಿಲ್ಲ. ವಿದ್ಯುತ್ ದೀಪದಲ್ಲಿ ತೆಗೆಯುತ್ತೇವೆ ಎಂಬ ಜಾಹೀರಾತಿದ್ದರೆ 1870ರ ದಶಕದ ಕೊನೆಯ ನಂತರದ್ದು. ‘ಕ್ಷಣಮಾತ್ರದಲ್ಲಿ ತೆಗೆಯುವ ವಿಧಾನ’ ಎಂದಿದ್ದರೆ ಒಣ ಪ್ಲೇಟು (ಮೊದಲೇ ತಯಾರಿಸಿಟ್ಟ ಗಾಜಿನ ಫಲಕ) ಬಂದ ಮೇಲಿನದು, ಹೆಚ್ಚಾಗಿ 1880ರ ದಶಕ. ಕೈಬರಹದ ಸಂಖ್ಯೆಯಿದ್ದರೆ ಅದು ಸಾಮಾನ್ಯವಾಗಿ ಗಾಜಿನ ನೆಗೆಟಿವ್ವಿನ ಕ್ರಮಸಂಖ್ಯೆ. ಅದೇ ಸ್ಟುಡಿಯೊದ ಇಸವಿ ಗೊತ್ತಿರುವ ಬೇರೆ ಕಾರ್ಡುಗಳು ಸಿಕ್ಕರೆ ನಿಮ್ಮ ಸಂಖ್ಯೆ ಯಾವ ಎರಡರ ನಡುವೆ ಬರುತ್ತದೆ ಎಂದು ನೋಡಿ.

ಎಲ್ಲಕ್ಕಿಂತ ನಂಬಿಕೆಯ ಸುಳಿವು ವಿಳಾಸ. ಫೋಟೊಗ್ರಾಫರರು ಅಂಗಡಿಯನ್ನು ಮೇಲಿಂದ ಮೇಲೆ ಬದಲಿಸುತ್ತಿದ್ದರು, ಪಾಲುದಾರರನ್ನೂ. ಕೆಲ್ಲಿ ಮುಂತಾದವರು ಅಚ್ಚುಹಾಕಿದ ಊರೂರಿನ ವ್ಯಾಪಾರಿ ಡೈರೆಕ್ಟರಿಗಳನ್ನು ಲೆಸ್ಟರ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಲಂಡನ್ನಿನ ಸ್ಟುಡಿಯೊಗಳಿಗೆ ಫೋಟೊಲಂಡನ್ ದತ್ತಸಂಚಯವಿದೆ. ಪಾಲುದಾರಿಕೆ ಮುರಿದ ಪ್ರಕಟಣೆಗಳು ಲಂಡನ್ ಗೆಜೆಟ್ಟಿನಲ್ಲಿ ಸಿಗುತ್ತವೆ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವ ಹೊತ್ತಿಗೆ ಹಲವು ತಿಂಗಳು ಹಳತಾಗಿರುತ್ತದೆ, ಆದ್ದರಿಂದ ಒಂದು ವರ್ಷ ಆಚೀಚೆ ಬಿಡಿ.

ಇಲ್ಲಿ ಮೂರು ಬಲೆಗಳಿವೆ. ಸ್ಟುಡಿಯೊದವರು ಹಳೆಯ ರಟ್ಟು ಮುಗಿಯುವವರೆಗೂ ಬಳಸುತ್ತಿದ್ದರು. ನೆಗೆಟಿವ್ ಉಳಿಸಿಕೊಂಡು ವರ್ಷಗಳ ನಂತರವೂ ಪ್ರತಿ ತೆಗೆದುಕೊಡುತ್ತಿದ್ದರು. ಮೂರನೆಯದು ತೀರಿಕೊಂಡವರ ಹಳೆಯ ಚಿತ್ರವನ್ನೇ ಮತ್ತೆ ಫೋಟೊ ಹಿಡಿದು ಹೊಸ ಕಾರ್ಡಿಗೆ ಅಂಟಿಸುವುದು: ಉಡುಪು 1850ರ ದಶಕದ್ದು, ರಟ್ಟು 1880ರ ದಶಕದ್ದು. ಉಡುಪು ರಟ್ಟಿಗಿಂತ ಹತ್ತಿಪ್ಪತ್ತು ವರ್ಷ ಹಿಂದಿನದಾಗಿ ಕಂಡರೆ, ಹಳೆಯ ಚೌಕಟ್ಟಿನ ಅಂಚೋ ಗೀರೋ ಚಿತ್ರದೊಳಗೇ ಇದೆಯೇ ಎಂದು ಹುಡುಕಿ.

ಹಿಂದೆ ಹೆಸರು ಬರೆದಿದ್ದರೂ ತಕ್ಷಣ ನಂಬಬೇಡಿ. ಬಾಲ್‌ಪೆನ್ನಿನಲ್ಲಿದ್ದರೆ ಅದು 1945ರ ನಂತರದ ಬರಹ, ಅಂದರೆ ಫೋಟೊ ತೆಗೆದು ಅರ್ಧ ಶತಮಾನ ಕಳೆದ ಮೇಲೆ ಯಾರೋ ನೆನಪಿನಿಂದ ಬರೆದದ್ದು. ‘ಅಜ್ಜಿ’ ಎಂದಿದ್ದರೆ ಬರೆದವರ ಅಜ್ಜಿ, ನಿಮ್ಮ ಅಜ್ಜಿಯಲ್ಲ. ಮೊದಲು ಅಕ್ಷರ ಯಾರದು ಎಂದು ಕಂಡುಕೊಳ್ಳಿ. ಮುದ್ದಿನ ಹೆಸರುಗಳೂ ದಾರಿ ತಪ್ಪಿಸುತ್ತವೆ: ಪಾಲಿ ಎಂದರೆ ಮೇರಿ, ನೆಲ್ಲಿ ಎಂದರೆ ಎಲೆನ್ ಅಥವಾ ಹೆಲೆನ್, ಪೆಗ್ಗಿ ಎಂದರೆ ಮಾರ್ಗರೆಟ್, ಹ್ಯಾರಿ ಎಂದರೆ ಹೆನ್ರಿ. ದಾಖಲೆಯಲ್ಲಿ ಪಾಲಿಯನ್ನು ಹುಡುಕಿದರೆ ಸಿಗದೇ ಹೋಗಬಹುದು.

ಉಡುಪು ಓದುವುದು

ಗುಂಪಿನಲ್ಲಿ ಎಲ್ಲರಿಗಿಂತ ಎಳೆಯ ವಯಸ್ಸಿನ ಪ್ರೌಢ ಹೆಂಗಸನ್ನು ಆರಿಸಿಕೊಳ್ಳಿ. ಹೊಸ ಮಾದರಿ ತೊಡುವವಳು ಅವಳೇ. ಮುದುಕಿಯರು ತಮ್ಮ ಪ್ರಾಯದ ಉಡುಪನ್ನೇ ಮುಂದುವರಿಸಿರುತ್ತಾರೆ. 1850ರ ದಶಕದ ಕೊನೆಗೆ ಮತ್ತು 1860ರ ದಶಕದ ಆರಂಭಕ್ಕೆ ಲಂಗ ಗಂಟೆಯಂತೆ ಸುತ್ತಲೂ ಉಬ್ಬಿರುತ್ತದೆ, ನಡು ಬೈತಲೆ ತೆಗೆದ ಕೂದಲು ಕಿವಿಯ ಮೇಲೆ ಇಳಿದಿರುತ್ತದೆ. 1860ರ ದಶಕದ ಕೊನೆಗೆ ಮುಂಭಾಗ ಚಪ್ಪಟೆಯಾಗಿ ಉಬ್ಬು ಹಿಂದಕ್ಕೆ ಸರಿಯುತ್ತದೆ. 1870ರಿಂದ 1875ರವರೆಗೆ ಸೊಂಟದ ಹಿಂದೆ ನೆರಿಗೆಯ ಗುಡ್ಡೆ, ತಲೆಯ ಮೇಲೆ ಜಡೆಗಳ ಎತ್ತರದ ತುರುಬು. 1876ರಿಂದ 1882ರವರೆಗೆ ಗುಡ್ಡೆ ಕರಗಿ, ಉಡುಪು ಸೊಂಟ ತೊಡೆಗಳಿಗೆ ಬಿಗಿದು ಕೂರುತ್ತದೆ. 1883ರಿಂದ 1889ರವರೆಗೆ ಹಿಂಬದಿಯ ಉಬ್ಬು ಮರಳಿ ಬರುತ್ತದೆ, ಈ ಸಲ ಕಪಾಟಿನ ಹಲಗೆಯಂತೆ ಚಾಚಿ. ತೋಳು ಬಿಗಿ, ಕೊರಳಪಟ್ಟಿ ಎತ್ತರ, ಹಣೆಯ ಮೇಲೆ ಗುಂಗುರು ಮುಂಗುರುಳು. 1890ರ ಸುಮಾರಿಗೆ ಭುಜದಲ್ಲಿ ಸಣ್ಣ ಚುಂಚೊಂದು ಏಳುತ್ತದೆ. ಅದು ಬೆಳೆಯುತ್ತ ಬೆಳೆಯುತ್ತ 1895ರ ಹೊತ್ತಿಗೆ ಮೊಳಕೈವರೆಗೆ ಬಲೂನಿನಂತೆ ಊದಿ, 1897ರಿಂದ ಮತ್ತೆ ಇಳಿಯುತ್ತದೆ. ಇಡೀ ಶತಮಾನದಲ್ಲಿ ಎರಡು ಮೂರು ವರ್ಷದ ಅಂತರದಲ್ಲಿ ಕಾಲ ಹೇಳಬಲ್ಲ ಗುರುತೆಂದರೆ ಈ ತೋಳು.

ಗಂಡಸರ ಉಡುಪಿನಿಂದ ದಶಕಕ್ಕಿಂತ ಹತ್ತಿರದ ಕಾಲ ಹೇಳುವುದು ಕಷ್ಟ. ಅವರು ಸಿಪಾಯಿಗಳಾದರೆ ಮಾತೇ ಬೇರೆ. ಬ್ರಿಟಿಷ್ ಕಾಲಾಳು ಪಡೆಯ ಅಧಿಕಾರಿಗಳ ದರ್ಜೆಯ ಗುರುತು 1880ರವರೆಗೆ ಕೊರಳಪಟ್ಟಿಯಲ್ಲಿತ್ತು, ಆಮೇಲೆ ಭುಜಕ್ಕೆ ಹೋಯಿತು. 1881ರ ಸುಧಾರಣೆಯಲ್ಲಿ ರೆಜಿಮೆಂಟುಗಳ ಹಳೆಯ ಸಂಖ್ಯೆಗಳು ಹೋಗಿ ಊರು ಸೀಮೆಗಳ ಹೆಸರು ಬಂದವು. ಬಿಲ್ಲೆಯಲ್ಲಿ ಸಂಖ್ಯೆ ಓದಲು ಬಂದರೆ ಫೋಟೊ ಬಹುತೇಕ ಅದಕ್ಕೂ ಮುಂಚಿನದು. ಪದಕ ಕಂಡರೆ ಲಂಡನ್ ಬಳಿಯ ಕ್ಯೂದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪದಕ ಪಟ್ಟಿಗಳಲ್ಲಿ ಆ ದಂಡಿನವರ ಹೆಸರುಗಳಿರುತ್ತವೆ.

ಕಪ್ಪು ಉಡುಪು ಕಂಡ ಮಾತ್ರಕ್ಕೆ ಸಾವಿನ ಶೋಕ ಎನ್ನಬೇಡಿ. ಆ ಕಾಲದ ಕೊಲೋಡಿಯನ್ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಹಳದಿ, ಕೇಸರಿ ಕಪ್ಪಾಗಿ ಬೀಳುತ್ತಿದ್ದವು. ಕಡುಗೆಂಪು ಗೌನೂ ಸಿಪಾಯಿಯ ಕೆಂಪು ಕೋಟೂ ಫೋಟೊದಲ್ಲಿ ಕಪ್ಪೇ. ತಿಳಿನೀಲಿ ಉಡುಪು ಬಿಳಿಯಾಗಿ ಕಾಣುತ್ತದೆ. ಶೋಕದ ಉಡುಪಾಗಿದ್ದರೆ ಮಿಂಚಿಲ್ಲದ, ಸುಕ್ಕುಸುಕ್ಕಾದ ಕ್ರೇಪ್ ಬಟ್ಟೆಯ ಅಗಲ ಪಟ್ಟಿಗಳೂ ಜೆಟ್ ಎಂಬ ಹೊಳಪಿನ ಕರಿ ಕಲ್ಲಿನ ಒಡವೆಗಳೂ ಇರುತ್ತವೆ. ನಿಂತವರ ಪಾದದ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಕಾಲು ಕಂಡರೆ ‘ಇದು ಹೆಣದ ಫೋಟೊ’ ಎಂದು ಅಂತರ್ಜಾಲದಲ್ಲಿ ಮಾರುವವರಿದ್ದಾರೆ. ಅದು ಬದುಕಿದ್ದವರ ತಲೆ ಅಲುಗದಂತೆ ಹಿಂದಿನಿಂದ ಆನಿಸುತ್ತಿದ್ದ ಸಾಧನ. ಹೆಣದ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ.

ಮಕ್ಕಳೇ ಗಡಿಯಾರ

ಮೂವತ್ತರವಳೋ ನಲವತ್ತರವಳೋ ಎಂದು ಮುಖ ನೋಡಿ ಹೇಳುವುದು ಕಷ್ಟ. ಕೂಸಿಗೆ ಆರು ತಿಂಗಳೋ ಎರಡು ವರ್ಷವೋ ಎಂದು ಯಾರೂ ಹೇಳಬಲ್ಲರು. ಆದ್ದರಿಂದ ಕುಟುಂಬದ ಗುಂಪಿನಲ್ಲಿ ಲೆಕ್ಕ ಶುರುವಾಗಬೇಕಾದ್ದು ಕೂಸಿನಿಂದ. ಐದು ಮಕ್ಕಳಿದ್ದು ವಯಸ್ಸು ಸುಮಾರು 11, 9, 6, 4, 1 ಎಂದು ಕಂಡರೆ, ಆ ಅಂತರಗಳ ಸಾಲು ಬೆರಳ ಗುರುತಿನಂತೆ. ಜನಗಣತಿಯಲ್ಲಿ ಅದೇ ಅಂತರದ ಕುಟುಂಬ ಹುಡುಕಿ. ತೀರಿಕೊಂಡ ಮಗುವಿನಿಂದ ನಡುವೆ ಬಿದ್ದ ದೊಡ್ಡ ಅಂತರವೂ ಗುರುತೇ.

ಫ್ರಾಕ್ ತೊಟ್ಟ ಮಗುವೆಲ್ಲ ಹೆಣ್ಣಲ್ಲ. ಗಂಡುಮಕ್ಕಳಿಗೂ ನಾಲ್ಕೈದು ವರ್ಷದವರೆಗೆ ಫ್ರಾಕೇ. ಬೈತಲೆ ಪಕ್ಕಕ್ಕಿದ್ದರೆ ಹೆಚ್ಚಾಗಿ ಗಂಡು, ನಡುವಿದ್ದರೆ ಹೆಚ್ಚಾಗಿ ಹೆಣ್ಣು. ಇದು ಸುಳಿವು ಮಾತ್ರ, ಪುರಾವೆಯಲ್ಲ. ಹುಡುಗಿಯರ ಲಂಗ ವಯಸ್ಸಿನೊಂದಿಗೆ ಮೊಣಕಾಲಿನಿಂದ ಹರಡಿನ ಕಡೆಗೆ ಇಳಿಯುತ್ತದೆ, ಹದಿನೇಳು ಹದಿನೆಂಟರ ಹೊತ್ತಿಗೆ ಇಳಿಬಿಟ್ಟ ಕೂದಲು ಮೇಲೇರಿ ತುರುಬಾಗುತ್ತದೆ.

ಒಂದು ಕಾರ್ಡನ್ನು ಬಿಡಿಸಿ ನೋಡೋಣ

ಉದಾಹರಣೆಗೆ ಹೀಗೊಂದು ಕಾರ್ಡು ಎಂದಿಟ್ಟುಕೊಳ್ಳಿ. ಚಿಕ್ಕ ಕಾರ್ಟ್, ಮೂಲೆ ದುಂಡು. ಕುಳಿತ ಹೆಂಗಸು, ಎಡಗೈಯಲ್ಲಿ ಉಂಗುರ, ಹಿಂದೆ ನೆರಿಗೆಯ ಗುಡ್ಡೆ, ಎತ್ತರದ ತುರುಬು. ತೊಡೆಯ ಮೇಲೆ ವರ್ಷ ತುಂಬದ ಕೂಸು. ಬೆನ್ನಿನಲ್ಲಿ ಲೀಡ್ಸ್ ನಗರದ ಸ್ಟುಡಿಯೊ, ಎರಡು ವಿಳಾಸ. ಮನೆಯವರ ಪ್ರಕಾರ ಇವಳು ಅಕ್ಕತಂಗಿಯರಿಬ್ಬರಲ್ಲಿ ಒಬ್ಬಳು.

1872ರ ಡೈರೆಕ್ಟರಿಯಲ್ಲಿ ಆ ಸ್ಟುಡಿಯೊಗೆ ಮೊದಲ ವಿಳಾಸ ಮಾತ್ರ, 1875ರದರಲ್ಲಿ ಎರಡೂ, 1878ರದರಲ್ಲಿ ಎರಡನೆಯದು ಮಾತ್ರ. ಹಾಗಾದರೆ ಕಾರ್ಡು 1872 ಮತ್ತು 1877ರ ನಡುವಿನದು. ಉಡುಪು ಇನ್ನೂ ಬಿಗಿಯಾಗಿಲ್ಲ, ಆದ್ದರಿಂದ 1876ಕ್ಕಿಂತ ಈಚೆಗೆ ಬರಲಾರದು. ಈಗ ಜನನ ದಾಖಲೆ. ಅಕ್ಕನ ಮಕ್ಕಳು ಹುಟ್ಟಿದ್ದು 1869, 1871ರ ಆರಂಭ, 1877. ತಂಗಿಯ ಮದುವೆ 1873ರಲ್ಲಿ, ಮೊದಲ ಮಗು 1874ರಲ್ಲಿ. 1872ರಿಂದ 1876ರೊಳಗೆ ವರ್ಷ ತುಂಬದ ಕೂಸು ಇದ್ದದ್ದು ತಂಗಿಗೆ. ಫೋಟೊ 1874 ಅಥವಾ 1875.

ಇಷ್ಟಾದರೂ ‘ಖಚಿತ’ ಎಂದು ಬರೆಯಬೇಡಿ. ಡೈರೆಕ್ಟರಿ ತುಸು ಹಿಂದುಳಿದಿದ್ದು, ಫೋಟೊ ನಿಜಕ್ಕೂ 1871ರ ಕೊನೆಯದಾಗಿದ್ದರೆ ಅಕ್ಕನ ಎರಡನೆಯ ಮಗು ಲೆಕ್ಕಕ್ಕೆ ಬರುತ್ತದೆ. ‘ಬಹುಶಃ ತಂಗಿ ಮತ್ತು ಮೊದಲ ಮಗು, 1874-75’ ಎಂದು ಬರೆದು, ಕೆಳಗೆ ಈ ಕಾರಣಗಳನ್ನೆಲ್ಲ ಸೇರಿಸಿ. ನಾಳೆ ಹೆಸರು ಬರೆದ ಇದೇ ಚಿತ್ರದ ಇನ್ನೊಂದು ಪ್ರತಿ ಸಿಕ್ಕರೆ ಆಗ ಖಚಿತ. ಕಾರ್ಟುಗಳನ್ನು ಡಜನ್ ಲೆಕ್ಕದಲ್ಲಿ ಮಾಡಿಸಿ ನೆಂಟರಿಗೆಲ್ಲ ಹಂಚುತ್ತಿದ್ದರಿಂದ ಆ ಪ್ರತಿ ಎಲ್ಲೋ ಇರುವ ಸಾಧ್ಯತೆ ನಿಜಕ್ಕೂ ಇದೆ. ಫೋಟೊವನ್ನು ಹಂಚಿಕೊಳ್ಳಬೇಕಾದ್ದು ಅದಕ್ಕಾಗಿಯೇ.

ಮುಖ ಹೋಲಿಸುವಾಗ

ಹೆಸರು ಗೊತ್ತಿರುವ ಫೋಟೊ ಪಕ್ಕಕ್ಕಿಟ್ಟು ಹೋಲಿಸುವುದಾದರೆ ಕಿವಿಯಿಂದ ಶುರುಮಾಡಿ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ತೂಗುತ್ತದೆಯೋ, ಒಳಮಡಿಕೆ ಹೇಗಿದೆ ಎಂಬುದು ದಪ್ಪ ಸಣ್ಣ ಆದರೂ ಬದಲಾಗುವುದಿಲ್ಲ. ಹಣೆಯ ಕೂದಲ ಗೆರೆಯ ಆಕಾರ, ಹುಬ್ಬಿಗೂ ಕಣ್ಣಿಗೂ ಇರುವ ದೂರ, ಗದ್ದದ ಕುಳಿ ಆಮೇಲೆ. ಎರಡೂ ಚಿತ್ರದಲ್ಲಿ ತಲೆ ಒಂದೇ ಕೋನಕ್ಕೆ ತಿರುಗಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಬೆಲೆಯಿಲ್ಲ. ಕಣ್ಣು ಕೂದಲುಗಳ ಬಣ್ಣವನ್ನು ನಂಬಬೇಡಿ: ನೀಲಿಗಣ್ಣು ಬೆಳ್ಳಗೆ ಬೀಳುತ್ತದೆ, ಹೊಂಬಣ್ಣದ ಕೂದಲು ಕಪ್ಪಾಗಿ ಕಾಣುತ್ತದೆ, ತಿಳಿ ಮಚ್ಚೆಯೂ ಕಡು ಕಲೆಯಾಗುತ್ತದೆ. ಮುಖ ಒಂದೇ ಎನ್ನಲು ನೂರು ಹೋಲಿಕೆ ಸಾಲದು, ಅಲ್ಲ ಎನ್ನಲು ಒಂದು ಕಿವಿ ಸಾಕು.

ಮುಖವನ್ನು ‘ಸ್ಪಷ್ಟಗೊಳಿಸುವ’ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇಲ್ಲಿ ನೇರ ಹಾನಿ ಮಾಡುತ್ತವೆ. ಮಸುಕಾದ ಜಾಗದಲ್ಲಿ ಅವು ಹೊಸ ಕಣ್ಣು, ಹೊಸ ಹುಬ್ಬನ್ನು ಊಹಿಸಿ ಬರೆಯುತ್ತವೆ. ಆ ಮುಖ ಹಿಡಿದು ಹೋಲಿಸಿದರೆ ನೀವು ಹೋಲಿಸುತ್ತಿರುವುದು ಇಲ್ಲದ ಮನುಷ್ಯನನ್ನು. ಮುಖ ಗುರುತಿಸುವ ತಂತ್ರಾಂಶಗಳೂ ಅಣ್ಣತಮ್ಮಂದಿರನ್ನು, ತಾಯಿಮಕ್ಕಳನ್ನು ಒಂದೇ ಎಂದು ತೋರಿಸಬಲ್ಲವು.

ಆಲ್ಬಮ್ಮಿನಲ್ಲಿದ್ದವರೆಲ್ಲ ನೆಂಟರಲ್ಲ ಎಂಬುದೂ ನೆನಪಿರಲಿ. ರಾಜಮನೆತನದವರು, ಪಾದ್ರಿಗಳು, ಮಂತ್ರಿಗಳು, ನಟಿಯರ ಕಾರ್ಟುಗಳು ಅಂಗಡಿಯಲ್ಲಿ ಮಾರಾಟಕ್ಕಿದ್ದವು, ಜನ ಕೊಂಡು ಆಲ್ಬಮ್ಮಿಗೆ ಸೇರಿಸುತ್ತಿದ್ದರು. ಗಂಭೀರ ಮುಖದ ‘ದೊಡ್ಡಪ್ಪ’ ಯಾವುದೋ ಬಿಷಪ್ ಆಗಿರಬಹುದು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಒಮ್ಮೆ ನೋಡಿಬಿಡಿ.

ದಾಖಲೆಗಳು

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನನ, ಮದುವೆ, ಮರಣಗಳ ಸರಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಿಂದ, ಸ್ಕಾಟ್ಲೆಂಡಿನಲ್ಲಿ 1855ರಿಂದ. ಮನೆಮನೆಯ ಹೆಸರುಗಳಿರುವ ಜನಗಣತಿ ಸಿಗುವುದು 1841ರಿಂದ, ಹತ್ತು ವರ್ಷಕ್ಕೊಮ್ಮೆ. 1841ರದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಕೆಳಗಿನ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 34 ಇದ್ದದ್ದು 30 ಆಗಿದೆ. ಸಂಬಂಧ ಮತ್ತು ಹುಟ್ಟಿದ ಊರು ಸ್ಪಷ್ಟವಾಗಿ ಸಿಗುವುದು 1851ರಿಂದ. ಜನರಲ್ ರಿಜಿಸ್ಟರ್ ಆಫೀಸಿನ ಅಂತರ್ಜಾಲ ಸೂಚಿಯಲ್ಲಿ ಜನನದ ಎದುರು ತಾಯಿಯ ತವರಿನ ಮನೆತನದ ಹೆಸರೂ ಇದೆ. ಒಂದೇ ಹೆಸರಿನ ಎರಡು ಕುಟುಂಬಗಳನ್ನು ಬೇರ್ಪಡಿಸಲು ಇದರಷ್ಟು ಸಹಾಯಕ ಇನ್ನೊಂದಿಲ್ಲ.

ಕುಟುಂಬ ಭಾರತದಲ್ಲಿದ್ದರೆ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಚರ್ಚ್ ಪಟ್ಟಿಗಳಿಗೆ ಹೋಗಬೇಕು. ‘ಎನ್/1’ ಬಂಗಾಳ, ‘ಎನ್/2’ ಮದ್ರಾಸು, ‘ಎನ್/3’ ಬೊಂಬಾಯಿ. ಬೆಂಗಳೂರು, ಮೈಸೂರು, ಮಂಗಳೂರಿನವರನ್ನು ಮದ್ರಾಸಿನಲ್ಲಿ, ಬೆಳಗಾವಿ, ಧಾರವಾಡದವರನ್ನು ಬೊಂಬಾಯಿಯಲ್ಲಿ ಹುಡುಕಿ. ಬ್ರಿಟಿಷ್ ಭಾರತದ ಕುಟುಂಬಗಳ ಇತಿಹಾಸ ಹುಡುಕುವ ಫಿಬಿಸ್ ಎಂಬ ಸಂಸ್ಥೆಯ ದತ್ತಸಂಚಯದಲ್ಲಿ ಹುಡುಕಲು ಹಣ ಬೇಡ. ಕೋಲಾರದ ಗಣಿಯದೆಂದು ಹೇಳುವ ಫೋಟೊದಲ್ಲಿ ವಿದ್ಯುತ್ ಕಂಬಗಳು ಸಾಲಾಗಿ ಕಂಡರೆ ಅದು ವಿಕ್ಟೋರಿಯಾ ಕಾಲದ್ದಾಗಿರಲಾರದು, ಏಕೆಂದರೆ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಮುಟ್ಟಿದ್ದು 1902ರಲ್ಲಿ. ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನ ಫೋಟೊ ಸಂಗ್ರಹ ಅಂತರ್ಜಾಲದಲ್ಲಿದೆ. ಜರ್ಮನ್ ಟಿಪ್ಪಣಿಯಲ್ಲಿ ‘ಫಾನ್ ಲಿಂಕ್ಸ್ ನಾಖ್ ರೆಖ್ಟ್ಸ್’ ಎಂದಿದ್ದರೆ ‘ಎಡದಿಂದ ಬಲಕ್ಕೆ’, ಮುಂದಿನದೆಲ್ಲ ಹೆಸರುಗಳು.

ಹಂಚಿಕೊಳ್ಳುವುದು

ಮೂಲ ಟಿಫ್ ಕಡತ ನಿಮ್ಮಲ್ಲೇ ಇರಲಿ. ಅದರಿಂದ ಉದ್ದದ ಬದಿ 2000 ಪಿಕ್ಸೆಲ್ಲಿಗೆ ಕಡಿಮೆಯಾಗದ ಜೆಪೆಗ್ ಪ್ರತಿ ಮಾಡಿ. ವಾಟ್ಸ್ಆ್ಯಪ್ಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಹಿಂಡಿ ಸಣ್ಣದಾಗುತ್ತದೆ, ಕಡತದೊಳಗಿನ ಟಿಪ್ಪಣಿಯೂ ಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ಹಿಂಬದಿಯ ಚಿತ್ರ ಬಿಡಲೇಬೇಡಿ. ಮುಖದ ಮೇಲೆ ನೀರುಗುರುತು ಹಾಕಿದರೆ ಗುರುತಿಸಬಲ್ಲವರಿಗೂ ಗುರುತು ಸಿಗುವುದಿಲ್ಲ.

ಒಕ್ಕಣೆಯಲ್ಲಿ ಇಷ್ಟು ಬರಲಿ: ಫೋಟೊದ ಬಗೆ ಮತ್ತು ಅಳತೆ, ಸ್ಟುಡಿಯೊ, ಊರು, ಅಂದಾಜು ಕಾಲ ಮತ್ತು ಅದಕ್ಕೆ ಕಾರಣ, ಯಾರ ಮನೆತನದಿಂದ ಬಂತು, ನಿಮ್ಮ ಊಹೆ, ಅದರ ಮಟ್ಟ. ಮಟ್ಟಕ್ಕೆ ಮೂರು ಮಾತು ಸಾಕು: ಖಚಿತ, ಬಹುಶಃ, ಊಹೆ. ‘ಇದು ನಮ್ಮ ಮೇರಿಯೇ?’ ಎಂದು ಕೇಳಿದರೆ ಜನ ಹೌದೆನ್ನುತ್ತಾರೆ. ಅದಕ್ಕೇ ಮೊದಲು ‘ಇದು ಯಾವ ಕಾಲದ್ದು?’ ಎಂದಷ್ಟೇ ಕೇಳಿ, ನಿಮ್ಮ ಊಹೆ ಆಮೇಲೆ ಹೇಳಿ. ಆ ಊರಿನ ಕುಟುಂಬ ಇತಿಹಾಸ ಸಂಘ, ವಂಶಾವಳಿಯ ಜಾಲತಾಣವಾದ ಫ್ಯಾಮಿಲಿಸರ್ಚ್, ವಿಕಿಮೀಡಿಯ ಕಾಮನ್ಸ್, ಇವೆಲ್ಲ ಹಂಚಲು ಒಳ್ಳೆಯ ಜಾಗಗಳು. ವಸ್ತುಸಂಗ್ರಹಾಲಯದ ಸ್ಕ್ಯಾನ್ ಆದರೆ ಅವರ ಷರತ್ತು ಓದಿ. ಬದುಕಿರುವ ನೆಂಟರ ಹೆಸರು ವಿಳಾಸಗಳನ್ನು ಒಕ್ಕಣೆಯಲ್ಲಿ ಹಾಕಬೇಡಿ. ಜೈಲು, ಮಾನಸಿಕ ಆಸ್ಪತ್ರೆಗಳಲ್ಲಿ ತೆಗೆದ ಫೋಟೊಗಳಲ್ಲಿದ್ದವರು ತಾವಾಗಿ ಬಂದು ಕೂತವರಲ್ಲ. ಅವನ್ನು ಹಂಚುವ ಮುನ್ನ ಮನೆತನದವರೊಡನೆ ಮಾತಾಡಿ.

ಗುಂಪು ಚಿತ್ರದ ಮೇಲೆ ಪಾರದರ್ಶಕ ಹಾಳೆಯಿಟ್ಟಂತೆ, ಸ್ಕ್ಯಾನಿನ ಒಂದು ಪ್ರತಿಯಲ್ಲಿ ಪ್ರತಿ ತಲೆಯ ಹೊರಗೆರೆ ಬರೆದು ಸಂಖ್ಯೆ ಕೊಡಿ. ಎಲ್ಲರಿಗೂ ಸಂಖ್ಯೆ ಇರಲಿ. ಭಾರತದಲ್ಲಿ ತೆಗೆದ ಬ್ರಿಟಿಷ್ ಕುಟುಂಬದ ಫೋಟೊಗಳಲ್ಲಿ ಕೂಸನ್ನು ಎತ್ತಿಕೊಂಡ ಆಯಾಳನ್ನು ಒಕ್ಕಣೆಗಳು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಕೆಗೂ ಒಂದು ಸಂಖ್ಯೆ ಕೊಟ್ಟು, ಎದುರಿಗೆ ‘ಹೆಸರು ಗೊತ್ತಿಲ್ಲ, ಆಯಾ, ಬೆಂಗಳೂರು’ ಎಂದು ಬರೆಯಿರಿ. ಆ ಮನೆಯ ಕಾಗದಪತ್ರಗಳಲ್ಲಿ ಆಕೆಯ ಹೆಸರು ಬಂದಿದ್ದರೆ ಯಾರಾದರೂ ಕೂಡಿಸುವುದಕ್ಕೆ ಜಾಗವಿರುತ್ತದೆ.

ಯಾರಾದರೂ ತಿದ್ದಿದರೆ ಹಳೆಯ ಗುರುತನ್ನು ಅಳಿಸದೆ, ಅದರ ಕೆಳಗೆ ಹೊಸದನ್ನು ತಾರೀಖು, ಕಾರಣಗಳೊಡನೆ ಸೇರಿಸಿ. ಇದೆಲ್ಲದರ ಒಂದು ಮುದ್ರಿತ ಪ್ರತಿಯನ್ನು ಆಮ್ಲರಹಿತ ಲಕೋಟೆಯಲ್ಲಿ ಫೋಟೊದ ಜೊತೆಗಿಡಿ. ಲಕೋಟೆಯ ಮೇಲೆ ಬರೆಯುವುದನ್ನು ಪೆನ್ಸಿಲ್ಲಿನಲ್ಲಿ, ಫೋಟೊ ಒಳಗೆ ಹಾಕುವ ಮೊದಲೇ ಬರೆದು ಮುಗಿಸಿ. ಒಳಗೆ ಹಾಕಿದ ಮೇಲೆ ಬರೆದರೆ ಮೊನೆಯ ಒತ್ತು ಮುಖದ ಮೇಲೆ ಬೀಳುತ್ತದೆ.